ಉಯಿಲು ಬರೆಯಲು ಮುಪ್ಪು ಬರಬೇಕಿಲ್ಲ

ಉಯಿಲಿನ ಮಾತೆತ್ತಿದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಹಿರಿಯರು "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಾರೆ. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಂಕಿನ ನೌಕರಿಯಲ್ಲಿ ತೀರಿಕೊಂಡವರ ಖಾತೆಗಳನ್ನು ಇತ್ಯರ್ಥ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದ್ದ ಕಾಲದಿಂದಲೂ ಒಂದು ವಿಷಯ ನನ್ನನ್ನು ಬಾಧಿಸುತ್ತ ಬಂದಿದೆ: ಉಯಿಲು ಬರೆಯದೆ ಹೋದವರ ಆಸ್ತಿ ಯಾರಿಗೆ ಸೇರಬೇಕೆಂಬುದನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮೊದಲೇ ನಿರ್ಧರಿಸಿಟ್ಟಿದೆ, ಮತ್ತು ಆ ಹಂಚಿಕೆ ಬಹಳ ಸಲ ತೀರಿಕೊಂಡವರ ಮನಸ್ಸಿನಲ್ಲಿದ್ದ ಹಂಚಿಕೆಯಾಗಿರುವುದಿಲ್ಲ. ಕ್ರೈಸ್ತರಿಗೂ ಮುಸ್ಲಿಮರಿಗೂ ನಿಯಮಗಳು ಬೇರೆ ಇರುವುದರಿಂದ ಇಲ್ಲಿ ಹಿಂದೂ ಕುಟುಂಬಗಳ ವಿಚಾರವನ್ನಷ್ಟೇ ಬರೆಯುತ್ತಿದ್ದೇನೆ.

ಮದುವೆಯಾಗದ ಮಗ ಉಯಿಲಿಲ್ಲದೆ ತೀರಿಕೊಂಡರೆ ಅವನ ಸ್ವಯಾರ್ಜಿತವೆಲ್ಲ ತಾಯಿಗೆ ಸೇರುತ್ತದೆ. ತಂದೆ ಎರಡನೆಯ ವರ್ಗದ ವಾರಸುದಾರ, ಅಂದರೆ ತಾಯಿಯಂಥ ಮೊದಲ ವರ್ಗದವರು ಯಾರೂ ಇಲ್ಲದಿದ್ದಾಗಷ್ಟೇ ಅವರ ಸರದಿ. ಬೆಂಗಳೂರಿನ ಅಮೆರಿಕನ್ ಕಂಪನಿಗಳಲ್ಲಿ ದುಡಿದು ಮಾತೃಸಂಸ್ಥೆಯ ಷೇರುಗಳನ್ನು ಪಡೆಯುವ ತರುಣರು ಇನ್ನೊಂದು ಸಂಗತಿಯನ್ನೂ ಅರಿತಿರಬೇಕು. ಭಾರತದಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ರದ್ದಾಗಿದೆ. ಆದರೆ ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ತೀರಿಕೊಂಡಾಗ, ಅಲ್ಲಿನ ಕಂಪನಿಗಳ ಷೇರು ಮುಂತಾದ ಆಸ್ತಿಯ ಮೌಲ್ಯ 60,000 ಡಾಲರ್ ಮೀರಿದ್ದರೆ ಆ ದೇಶದ ತೆರಿಗೆ ಅದಕ್ಕೆ ತಗಲುತ್ತದೆ.

ಮದುವೆಯಾದ ಮೇಲೆ ಮೊದಲು ನೋಡಬೇಕಾದದ್ದು ನಾಮಿನಿಯ ಹೆಸರನ್ನು. ನೌಕರಿಗೆ ಸೇರಿದ ದಿನ ಬರೆಸಿದ ಹೆಸರೇ ಹಲವರ ಖಾತೆಗಳಲ್ಲಿ ಕೊನೆಯವರೆಗೂ ಉಳಿದಿರುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರ ತನಕ ನಾಮಿನಿಗಳನ್ನು ಹೆಸರಿಸಲು ಅವಕಾಶವಿದೆ. ಆದರೂ ನಾಮಿನಿಯೆಂದರೆ ಹಣವನ್ನು ಪಡೆದುಕೊಂಡು ವಾರಸುದಾರರಿಗೆ ತಲುಪಿಸಬೇಕಾದವರೇ ಹೊರತು ಮಾಲೀಕರಲ್ಲ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ. ನಾಮಿನಿ ಇದ್ದಾರೆ, ಉಯಿಲು ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಾನು ಹೆಚ್ಚು ಒತ್ತಿ ಹೇಳುತ್ತೇನೆ. ಮಕ್ಕಳಿಲ್ಲದ, ಗಂಡನೂ ಇಲ್ಲದ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ, ಅವಳು ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯೂ ಕಾಯಿದೆಯ 15ನೆಯ ಕಲಮಿನ ಪ್ರಕಾರ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತವರ ಸರದಿ ಅವರ ನಂತರ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಓಂಪ್ರಕಾಶ್ ಮತ್ತು ರಾಧಾಚರಣ್ ಪ್ರಕರಣವನ್ನು ಓದಿದವರು ಇದನ್ನು ಮರೆಯಲಾರರು. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಅತ್ತೆಯ ಮನೆಯಿಂದ ಹೊರದೂಡಲ್ಪಟ್ಟು, ತವರಿನವರ ಆಸರೆಯಲ್ಲಿ ಓದಿ ಕೆಲಸಕ್ಕೆ ಸೇರಿದ ಮಹಿಳೆಯ ಉಳಿತಾಯ ಅದು. ಅದರ ಹಕ್ಕುದಾರರು ಯಾರೆಂಬ ಪ್ರಶ್ನೆಗೆ, ಸಹಾನುಭೂತಿಯ ಆಧಾರದ ಮೇಲೆ ಕಾಯಿದೆಯನ್ನು ಬದಲಿಸಲಾಗದೆಂದು ಹೇಳಿದ ನ್ಯಾಯಾಲಯ, ಗಂಡನ ಅಕ್ಕತಂಗಿಯರ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಆಕೆ ಎರಡು ಸಾಲಿನ ಉಯಿಲು ಬರೆದಿದ್ದರೆ ಆ ಹಣ ಸಾಕಿ ಬೆಳೆಸಿದವರಿಗೆ ಸೇರುತ್ತಿತ್ತು. ಆದ್ದರಿಂದಲೇ ಮೊದಲ ಸಂಬಳ ಬಂದ ಹೆಣ್ಣುಮಗಳಿಗೆ ಉಯಿಲು ಬರೆದಿಡು ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಚಿಕ್ಕ ಮಕ್ಕಳಿರುವ ತಂದೆತಾಯಿಗಳಿಗೆ ಇದು ಇನ್ನೂ ತುರ್ತಿನ ಕೆಲಸ. ಗಂಡನ ಹೆಸರಿನಲ್ಲಿದ್ದ ಫ್ಲ್ಯಾಟು, ಅವನು ಉಯಿಲಿಲ್ಲದೆ ತೀರಿಕೊಂಡರೆ, ಹೆಂಡತಿ, ಮಕ್ಕಳು ಮತ್ತು ಅವನ ತಾಯಿಗೆ ಸಮಪಾಲಾಗಿ ಹಂಚಿಹೋಗುತ್ತದೆ. ಸಾಲ ತೀರಿಸಲು ಮನೆ ಮಾರೋಣವೆಂದರೆ, ಅಪ್ರಾಪ್ತ ಮಕ್ಕಳ ಪಾಲನ್ನು ಹೆತ್ತ ತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ತಂದೆತಾಯಿ ಇಬ್ಬರೂ ಇಲ್ಲವಾದರೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನೂ ಉಯಿಲಿನಲ್ಲಿಯೇ ಬರೆದಿಡಬಹುದು. ಗಂಡ ಜೀವವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಮಾಡಿಸಿದರೆ ಅದರ ಹಣ ಹೆಂಡತಿ ಮಕ್ಕಳದ್ದೇ ಆಗಿರುತ್ತದೆ. ಗಂಡನಿಗೆ ಸಾಲ ಕೊಟ್ಟವರು ಸಾಮಾನ್ಯವಾಗಿ ಅದರ ಮೇಲೆ ಕೈಹಾಕಲಾರರು. ವ್ಯಾಪಾರಸ್ಥರ ಮನೆಗಳಲ್ಲಿ ಇದು ದೊಡ್ಡ ಆಸರೆ.

ಊರಿನ ಜಮೀನಿನ ಮಾತು ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲಿಗೆ ಮಾತ್ರ ಒಬ್ಬರು ಉಯಿಲು ಬರೆಯಬಹುದೇ ಹೊರತು ಇಡೀ ತೋಟವನ್ನು ಗಂಡುಮಕ್ಕಳಿಗೆಂದು ಬರೆದರೆ ಅದು ನಿಲ್ಲುವುದಿಲ್ಲ; 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಭಾಗಿಗಳು. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡು, ಎಲ್ಲರೂ ಬದುಕಿರುವಾಗಲೇ ಕೂತು ಮಾತಾಡಿ ವಿಭಾಗಪತ್ರವನ್ನು ನೋಂದಾಯಿಸುವುದು ಒಳ್ಳೆಯದು. ಒಂದು ತಲೆಮಾರು ತಡವಾದಷ್ಟೂ ವಂಶವೃಕ್ಷ ಹರಡುತ್ತದೆ, ಸಹಿ ಹಾಕಬೇಕಾದವರ ಸಂಖ್ಯೆಯೂ ಬೆಳೆಯುತ್ತದೆ.

ವಯಸ್ಸಾದವರು ಪ್ರೀತಿಯಿಂದಲೋ ಒತ್ತಾಯಕ್ಕೆ ಮಣಿದೋ ಇರುವ ಒಂದೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಉಯಿಲನ್ನು ಬುದ್ಧಿ ಸ್ವಾಧೀನದಲ್ಲಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾಯಿತೆಂದರೆ ಮನೆ ಕೈತಪ್ಪಿತು. ದಾನ ಮಾಡಲೇಬೇಕಿದ್ದರೆ, ಬದುಕಿರುವ ತನಕ ಅಲ್ಲಿ ವಾಸಿಸುವ ಹಕ್ಕನ್ನು ಉಳಿಸಿಕೊಂಡು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಆ ಷರತ್ತನ್ನು ಮೀರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಿಂದ ದಾನವನ್ನು ರದ್ದುಪಡಿಸಿಕೊಳ್ಳಲು ದಾರಿಯಿದೆ. ಮಗನಿಗೆ ಜಿಪಿಎ (ನನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟಿದ್ದೇನೆ, ಅಷ್ಟು ಸಾಕು ಎಂದು ನಂಬಿರುವವರೂ ಇದ್ದಾರೆ. ಆದರೆ ಕೊಟ್ಟವರ ಮರಣದೊಂದಿಗೆ ಅದು ಮುಗಿದುಹೋಗುತ್ತದೆ. ಇನ್ನು, ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ತಮಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಜಗಳದ ಸುಳಿವಿರುವ ಮನೆಯವರು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಕ್ಷೇಮ. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ತಕರಾರು ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಾಗುವುದರಿಂದ, ನಿಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಆರಿಸಿಕೊಳ್ಳಿ. ಹಿಂದಿನ ಉಯಿಲೇನಾದರೂ ಇದ್ದರೆ ಅದು ರದ್ದಾಗಿದೆಯೆಂದು ಹೊಸದರ ಆರಂಭದಲ್ಲೇ ಬರೆದು, ಮೂಲಪ್ರತಿ ಎಲ್ಲಿದೆ ಎಂಬುದನ್ನು ಅದನ್ನು ಜಾರಿಗೆ ತರಬೇಕಾದವರಿಗೆ ತಿಳಿಸಿಡಿ.