ರಿಲೇ ಶಾರ್ಟ್ ಮಾಡಿ ಕಳಿಸಿ ಅಂದರು

"ರಿಲೇ ಶಾರ್ಟ್ ಮಾಡಿ ಕಳಿಸಿಬಿಡಿ, ಅಷ್ಟೇ ತಾನೆ." ಈ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ರಿಲೇ ಅಂದರೆ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಇರುವ ಸ್ವಿಚ್, ಸೆಟ್ ಒಳಗೆ ತೊಂದರೆ ಇದ್ದರೆ ಸ್ಪೀಕರ್ ಉಳಿಸಲು ಅದು ಜೋಡಿಕೊಳ್ಳುವುದಿಲ್ಲ. ಅದನ್ನು ಶಾರ್ಟ್ ಮಾಡುವುದು ಅಂದರೆ ತಂತಿ ಹಾಕಿ ದಾಟಿಸಿಬಿಡುವುದು. ಹೇಳಿದವರು ನಮ್ಮ ಸರ್ವಿಸ್ ಸೆಂಟರಿನ ಮ್ಯಾನೇಜರ್. ಅವರಿಗೆ ಬೇಕಿದ್ದದ್ದು ಜಾಬ್ ಕಾರ್ಡ್ ಕ್ಲೋಸ್ ಆಗುವುದು. ಚಿಕ್ಕಮಗಳೂರಿನಲ್ಲಿ ಆಗಸ್ಟ್ ಮಳೆ ಹಿಡಿದುಕೊಂಡಿತ್ತು, ಬೆಂಚಿನ ಮೇಲೆ ಸೆಟ್ ಬಿಚ್ಚಿ ಬಿದ್ದಿತ್ತು, ಹೊರಗೆ ಎಸ್ಟೇಟ್ ಜೀಪು ಕಾಯುತ್ತಿತ್ತು.

ಸೆಟ್ ಬಂದಿದ್ದು ಆಲ್ದೂರು ಕಡೆಯ ಒಂದು ತೋಟದಿಂದ. ಎಂಬತ್ತರ ದಶಕದ ಜಪಾನ್ ಸ್ಟೀರಿಯೋ ರಿಸೀವರ್, ಜೊತೆಗೆ ಅದರ ಜೋಡಿ ತ್ರೀ-ವೇ ಸ್ಪೀಕರ್. ಲೈಟ್ ಬರುತ್ತದೆ, ಟ್ಯೂನರ್ ಸ್ಟೇಷನ್ ಹಿಡಿಯುತ್ತದೆ, ಸಿಗ್ನಲ್ ಮೀಟರಿನ ಮುಳ್ಳು ಏಳುತ್ತದೆ. ಸೌಂಡ್ ಮಾತ್ರ ಇಲ್ಲ, ಎರಡೂ ಕಡೆ ಇಲ್ಲ. ನಮ್ಮ ಆ್ಯಪ್‌ನಲ್ಲಿ ಇದಕ್ಕೆಲ್ಲ ಇರುವುದು ಒಂದೇ ಕೋಡ್: ನೋ ಸೌಂಡ್. ಒಂದು ಚಾನಲ್ಲಾ, ಎರಡಾ, ಇದ್ದಕ್ಕಿದ್ದಂತೆ ಹೋಯಿತಾ, ಗೊರ ಗೊರ ಅಂದು ಹೋಯಿತಾ, ಯಾವುದನ್ನೂ ಬರೆಯಲು ಜಾಗ ಇಲ್ಲ. ರಿಪೇರಿಯ ಅರ್ಧ ಕೆಲಸ ಈ ಪ್ರಶ್ನೆಗಳಲ್ಲೇ ಇದೆ. ಆದರೂ ಡ್ರಾಪ್‌ಡೌನ್ ಮಾಡಿದವರು ಅದನ್ನು ಒಮ್ಮೆಯೂ ನಮ್ಮನ್ನು ಕೇಳಲಿಲ್ಲ.

ನೋ ಸೌಂಡ್ ಅಂತ ಬರುವ ಹಳೆಯ ಸೆಟ್‌ಗಳಲ್ಲಿ ಎಷ್ಟೋ ಸೆಟ್‌ಗಳಿಗೆ ಏನೂ ಆಗಿರುವುದಿಲ್ಲ. ಧೂಳು ಒರೆಸುವಾಗ ಟೇಪ್ ಮಾನಿಟರ್ ಬಟನ್ ಒತ್ತಿಹೋಗಿರುತ್ತದೆ. ಆಗ ಸೆಟ್, ಅಲ್ಲಿ ಇಲ್ಲವೇ ಇಲ್ಲದ ಟೇಪ್ ಡೆಕ್‌ನಿಂದ ಸೌಂಡ್ ಹುಡುಕುತ್ತಾ ಕೂತಿರುತ್ತದೆ. ಇಲ್ಲವೇ ಸ್ಪೀಕರ್ ಎ, ಬಿ ಎರಡೂ ಆಫ್ ಆಗಿರುತ್ತವೆ. ಹಿಂದುಗಡೆ ಪ್ರೀ-ಔಟ್ ಮತ್ತು ಮೇನ್-ಇನ್ ಸಾಕೆಟ್‌ಗಳ ನಡುವೆ ಸಿಗ್ನಲ್ ದಾಟಿಸುವ ಯು ಆಕಾರದ ಲಿಂಕ್ ಯಾರೋ ಕಿತ್ತಿರುತ್ತಾರೆ. ಇವನ್ನೆಲ್ಲ ಫೋನಿನಲ್ಲೇ ಕೇಳಿ ಸರಿಮಾಡಿಸಬಹುದು. ಕೇಳದೆ ಕಳಸದಿಂದಲೋ ಕೊಪ್ಪದಿಂದಲೋ ಮಳೆಯಲ್ಲಿ ಸೆಟ್ ಹೊರಿಸಿ ತರಿಸುತ್ತೇವೆ. ಇನ್‌ವರ್ಡ್ ಕೌಂಟ್, ಅಂದರೆ ಸೆಂಟರಿಗೆ ಬಂದ ಸೆಟ್‌ಗಳ ಲೆಕ್ಕ, ಜಾಸ್ತಿ ಆಗಬೇಕಲ್ಲ.

ಈ ಸೆಟ್‌ನಲ್ಲಿ ಬಟನ್‌ಗಳೆಲ್ಲ ಸರಿಯಾಗಿದ್ದವು. ಕವರ್ ತೆಗೆದೆ. ಮಳೆಗಾಲ, ಮಲೆನಾಡು, ಹಳೆಯ ಸೆಟ್, ಸೌಂಡ್ ಇಲ್ಲ ಅಂದರೆ ನನ್ನ ಕೈ ಮೊದಲು ಹೋಗುವುದು ಸ್ಪೀಕರ್ ರಿಲೇ ಕಡೆಗೆ. ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ, ಕ್ಲೀನ್ ಮಾಡಿದರೆ ಅಥವಾ ಹೊಸದು ಹಾಕಿದರೆ ಹಾಡುತ್ತದೆ. ಆದರೆ ಕಾಂಟ್ಯಾಕ್ಟ್ ಕಪ್ಪಾದ ಸೆಟ್ ಕ್ಲಿಕ್ ಅನ್ನುತ್ತದೆ. ಆನ್ ಮಾಡಿ ನಾಲ್ಕೈದು ಸೆಕೆಂಡ್ ಆದ ಮೇಲೆ ರಿಲೇ ಎಳೆದುಕೊಳ್ಳುತ್ತದೆ, ಸೌಂಡ್ ಮಾತ್ರ ಕಟ್ ಕಟ್ ಆಗಿ ಬರುತ್ತದೆ. ವಾಲ್ಯೂಮ್ ಏರಿಸಿದರೆ ಒಮ್ಮೊಮ್ಮೆ ಪಟ್ ಅಂತ ತೆರೆದುಕೊಳ್ಳುತ್ತದೆ. ಕ್ಲಿಕ್ಕೇ ಬರದ ಸೆಟ್‌ನ ಕಥೆ ಬೇರೆ.

ನಮ್ಮ ವರ್ಕ್‌ಶಾಪಿನ ಮೇಲೆ ಜಿಂಕ್ ಶೀಟ್. ಆ ದಿನದ ಮಳೆಗೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುತ್ತಿರಲಿಲ್ಲ, ಇನ್ನು ರಿಲೇ ಕ್ಲಿಕ್ ಎಲ್ಲಿ ಕೇಳಿಸಬೇಕು. ಕ್ಲಿಕ್ ಆಗಿರುತ್ತದೆ ಅಂದುಕೊಂಡೇ ರಿಲೇ ಬಿಚ್ಚಿದೆ, ಕಾಂಟ್ಯಾಕ್ಟ್ ಉಜ್ಜಿದೆ, ವಾಪಸ್ ಕೂರಿಸಿದೆ. ಕಾಂಟ್ಯಾಕ್ಟ್ ನಿಜವಾಗಿಯೂ ಕಪ್ಪಾಗಿತ್ತು, ಅದರಿಂದ ನನ್ನ ಊಹೆ ಇನ್ನೂ ಗಟ್ಟಿಯಾಯಿತು. ಆನ್ ಮಾಡಿದರೆ ಸೌಂಡ್ ಇಲ್ಲ. ಆಗ ರಿಲೇ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಸ್ವಿಚ್ ಒತ್ತಿದೆ. ಕಿವಿಗೆ ಕೇಳದಿದ್ದರೂ ಬೆರಳಿಗೆ ಆ ಸಣ್ಣ ಏಟು ಗೊತ್ತಾಗಬೇಕು. ಗೊತ್ತಾಗಲಿಲ್ಲ. ಕಾಯಿಲ್ ರೆಸಿಸ್ಟೆನ್ಸ್ ಸರಿ ಇತ್ತು, ಕಾಯಿಲ್‌ಗೆ ವೋಲ್ಟೇಜೇ ಬರುತ್ತಿರಲಿಲ್ಲ. ಅಂದರೆ ರಿಲೇ ಕೆಟ್ಟಿಲ್ಲ. ಅದನ್ನು ಯಾರೋ ತಡೆದು ಹಿಡಿದಿದ್ದಾರೆ.

ಹಿಡಿದಿದ್ದು ಪ್ರೊಟೆಕ್ಷನ್ ಐಸಿ, ಅಂದರೆ ಸ್ಪೀಕರ್ ಕಾಯುವ ಚಿಪ್, ಎಂಟು ಕಾಲಿನ ಯುಪಿಸಿ 1237. ಅದರ ಎರಡನೇ ಕಾಲು ಔಟ್‌ಪುಟ್‌ನಲ್ಲಿ ಡಿಸಿ (ಸ್ಪೀಕರಿಗೆ ಹೋಗಬಾರದ ಒಂದೇ ದಿಕ್ಕಿನ ವೋಲ್ಟೇಜ್) ಇದೆಯಾ ಅಂತ ನೋಡುತ್ತದೆ, ಆರನೇ ಕಾಲು ರಿಲೇ ಎಳೆಯುತ್ತದೆ. ಈ ಸೆಟ್‌ನಲ್ಲಿ ಎರಡೂ ಚಾನಲ್‌ಗೆ ಒಂದೇ ರಿಲೇ. ಹಾಗಾಗಿ ಒಂದು ಚಾನಲ್ ಕೆಟ್ಟರೂ ಎರಡೂ ಕಡೆ ಸೌಂಡ್ ಹೋಗುತ್ತದೆ. ಎರಡೂ ಇಲ್ಲ ಅಂದ ಮಾತ್ರಕ್ಕೆ ಎರಡೂ ಹೋಗಿವೆ ಅಂತ ಅಲ್ಲ.

ಇಷ್ಟು ತಲೆಗೆ ಬರುವ ಹೊತ್ತಿಗೆ ಫೋನ್. ಮ್ಯಾನೇಜರ್. ಬಂಗಲೆಯಲ್ಲಿ ಸಂಜೆ ಫಂಕ್ಷನ್ ಇದೆ, ಜೀಪು ಬಂದಿದೆ, ಟರ್ನ್ ಅರೌಂಡ್ ಟೈಮ್ ಮುಗಿಯುತ್ತಿದೆ, ಯಾಕೆ ಇನ್ನೂ ಓಪನ್ ಇದೆ. ರಿಲೇ ಎಳೀತಿಲ್ಲ ಸರ್, ಪ್ರೊಟೆಕ್ಷನ್‌ನಲ್ಲಿದೆ, ಟೈಮ್ ಬೇಕು ಅಂದೆ. ಆಗ ಬಂತು ಆ ಮಾತು. ಬೇರೆ ಬ್ರಾಂಚ್‌ನಲ್ಲಿ ಹಾಗೇ ಮಾಡ್ತಾರಂತೆ. ಫೋನಿನ ಸ್ಪೀಕರಿನಲ್ಲಿಯೇ ಕೂಗಿದ್ದರಿಂದ ನಮ್ಮ ಹುಡುಗನಿಗೂ ಕೇಳಿಸಿತು. ನಾನು ಬಾಗಿಲ ಹತ್ತಿರ ನಿಂತು ಇನ್ನೂ ವಾದ ಮಾಡುತ್ತಿದ್ದೆ, ಅಷ್ಟರಲ್ಲಿ ಅವನು ರಿಲೇ ಕಾಂಟ್ಯಾಕ್ಟ್‌ಗಳಿಗೆ ಜಂಪರ್ ತಂತಿ ಬೆಸೆದು ಮುಗಿಸಿದ್ದ. ಕೆಲಸ ಕಲಿಯುವ ಹುಡುಗ, ಮೇಲಿನವರು ಹೇಳಿದ್ದನ್ನು ಮಾಡಿದ. ಅವನ ತಪ್ಪು ಅನ್ನಲಾರೆ.

ನಾನು ತಿರುಗಿ ನೋಡಿದಾಗ ಸೀರೀಸ್ ಲ್ಯಾಂಪ್, ಅಂದರೆ ಮೇನ್ಸ್ ಲೈನಿನ ನಡುವೆ ಹಾಕುವ ಟೆಸ್ಟ್ ಬಲ್ಬ್, ಮೂಲಕ ಸೆಟ್ ಆನ್ ಆಗಿತ್ತು. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು. "ಅಣ್ಣ, ಬಲ್ಬ್ ಸರಿ ಇದೆ, ಏನೂ ಶಾರ್ಟ್ ಇಲ್ಲ" ಅಂದ. ಹೌದು, ಸರಿಯಾಗಿಯೇ ಇತ್ತು. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ ಬಲ್ಬ್ ಧಗ ಧಗ ಉರಿಯಬೇಕಿತ್ತು. ಫೋನಿನಲ್ಲಿ ಮ್ಯಾನೇಜರ್ "ನೋಡಿದ್ರಾ" ಅಂದರು. ಹುಡುಗ ಗಿರಾಕಿಯ ಸ್ಪೀಕರಿನ ವೈರ್ ತುದಿಯನ್ನು ಹುರಿಮಾಡಿ ಎಡಗಡೆಯ ಟರ್ಮಿನಲ್‌ಗೆ ಸಿಕ್ಕಿಸಲು ಬಗ್ಗಿದ. ಮಳೆ ಸದ್ದಿನಲ್ಲಿ ನಾನು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಫೋನ್ ಬೆಂಚಿನ ಮೇಲೆ ಎಸೆದು ಅವನ ಮಣಿಕಟ್ಟು ಹಿಡಿದುಕೊಂಡೆ.

ಮೊದಲು ಮೀಟರ್ ಇಡು ಅಂದೆ. ಬಲ ಟರ್ಮಿನಲ್‌ನಲ್ಲಿ 15 ಮಿಲಿವೋಲ್ಟ್. ಚೆನ್ನಾಗಿದೆ, 50ರ ಒಳಗಿದ್ದರೆ ಸಾಕು. ಎಡಕ್ಕೆ ಇಟ್ಟ. ಮೈನಸ್ 38 ವೋಲ್ಟ್. ಮಿಲಿವೋಲ್ಟ್ ಅಲ್ಲ, ವೋಲ್ಟ್.

8 ಓಮ್ ಸ್ಪೀಕರಿನ ಕಾಯಿಲ್ ಡಿಸಿಗೆ ಸುಮಾರು 6 ಓಮ್ ತೋರಿಸುತ್ತದೆ. ಲ್ಯಾಂಪ್ ತೆಗೆದು ನೇರ ಮೇನ್ಸ್‌ಗೆ ಹಾಕಿ ಕೊಟ್ಟಿದ್ದರೆ 6 ಆಂಪಿಯರ್ ಹರಿಯುತ್ತಿತ್ತು, ಅಂದರೆ 200 ವಾಟ್‌ಗಿಂತ ಹೆಚ್ಚು. ಅದು ಹಾಡಲ್ಲ, ಬರೀ ಶಾಖ. ಡಿಸಿ ಬಂದರೆ ಕೋನ್ ಒಂದೇ ಕಡೆಗೆ ತಳ್ಳಿಕೊಂಡು ನಿಂತುಬಿಡುತ್ತದೆ, ಅಲುಗಾಡಿ ಗಾಳಿ ಆಡುವುದೂ ಇಲ್ಲ. ಸಣ್ಣ ಸ್ಪೀಕರ್ ಟ್ವೀಟರ್ ಡಿಸಿ ತಡೆಯುವ ಕ್ರಾಸ್‌ಓವರ್ ಕೆಪಾಸಿಟರ್‌ನಿಂದ ಉಳಿಯಬಹುದು, ದೊಡ್ಡದಾದ ವೂಫರ್ ಕೆಲವೇ ಸೆಕೆಂಡ್‌ನಲ್ಲಿ ಹೋಗುತ್ತದೆ. ಜನ ತುಂಬಿದ ಮನೆಯಲ್ಲಿ, ಮರದ ಪೆಟ್ಟಿಗೆಯೊಳಗೆ, ಕಾಗದದ ಕೋನ್‌ಗೆ ಅಂಟಿಕೊಂಡ ಕಾಯಿಲ್ ಕಾದು ಹೊಗೆ ಬರುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಬಲ್ಬ್ ಯಾಕೆ ಮೋಸ ಮಾಡಿತು? ಮೋಸ ಅಲ್ಲ, ಅದರ ಕೆಲಸವೇ ಅದಲ್ಲ. ಆ ಚಾನಲ್ ಪೂರ್ತಿ ನೆಗೆಟಿವ್ ರೈಲ್ (ಮೈನಸ್ ಸಪ್ಲೈ) ಕಡೆಗೆ ವಾಲಿಕೊಂಡಿತ್ತು, ಆದರೆ ಸ್ಪೀಕರ್ ಹಾಕಿರದ ಕಾರಣ ಲೋಡ್ ಇರಲಿಲ್ಲ. ಲೋಡ್ ಇಲ್ಲದೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದೆ ಬಲ್ಬ್ ಯಾಕೆ ಉರಿಯುತ್ತದೆ? ಸೀರೀಸ್ ಲ್ಯಾಂಪ್ ಪಾಸ್ ಆದರೆ ಸೆಟ್ ಪಾಸ್ ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಔಟ್‌ಪುಟ್‌ನಲ್ಲಿ ಡಿಸಿ ನೋಡದೆ ಸ್ಪೀಕರ್ ಮುಟ್ಟಬಾರದು.

ಜಂಪರ್ ಕಿತ್ತೆ. ಜೀಪ್ ಡ್ರೈವರಿಗೆ ಇವತ್ತು ಆಗಲ್ಲ ಅಂದೆ. ಅವರು ಪಾಪ ಬರಿಗೈಯಲ್ಲಿ ಮಳೆಯಲ್ಲೇ ಹೊರಟರು. ಮ್ಯಾನೇಜರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಎಸ್ಕಲೇಶನ್ ಮೇಲ್ ಮಾತ್ರ ಬಂತು.

ಮೂಲ ಸಿಕ್ಕಿದ್ದು ಮಾರನೇ ದಿನ, ಕಂದು ಬಣ್ಣದ ಅಂಟಿನ ಕೆಳಗೆ. ಆ ಕಾಲದ ಸೆಟ್‌ಗಳಲ್ಲಿ ದೊಡ್ಡ ಕೆಪಾಸಿಟರ್ ಅಲುಗಾಡದಿರಲಿ ಅಂತ ಬೋರ್ಡ್ ಮೇಲೆ ಅಂಟು ಸುರಿಯುತ್ತಿದ್ದರು. ಹೊಸದರಲ್ಲಿ ಅದು ತಿಳಿ ಬಣ್ಣ. ವರ್ಷಗಟ್ಟಲೆ ಬಿಸಿ ತಿಂದು ಕಂದಾಗುತ್ತದೆ, ತೇವ ಹಿಡಿದರೆ ಕರೆಂಟ್ ಹರಿಸುತ್ತದೆ, ತಂತಿಯನ್ನೂ ತಿನ್ನುತ್ತದೆ. ನಮ್ಮ ಕಡೆ ತೇವಕ್ಕೇನು ಬರ? ಎಡ ಚಾನಲ್‌ನ ಮೊದಲ ಸ್ಟೇಜ್‌ಗೆ ಕರೆಂಟ್ ಕೊಡುವ ರೆಸಿಸ್ಟರ್‌ನ ಕಾಲು ಅಂಟಿನೊಳಗೇ ಹಸಿರು ಹಿಡಿದು ತುಂಡಾಗಿತ್ತು. ಮೇಲಿಂದ ನೋಡಿದರೆ ರೆಸಿಸ್ಟರ್ ಹೊಸದರಂತೆ ಕೂತಿತ್ತು, ಇಕ್ಕಳದಿಂದ ಮುಟ್ಟಿದ್ದೇ ಎದ್ದು ಬಂತು. ಅಂಟನ್ನು ಮರದ ಕಡ್ಡಿಯಿಂದ ಕೆರೆದು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ಅದರಡಿ ಇದ್ದ ರೆಸಿಸ್ಟರ್, ಡಯೋಡ್‌ಗಳನ್ನೆಲ್ಲ ಬದಲಾಯಿಸಿದೆ. ಎಡ ಚಾನಲ್ 12 ಮಿಲಿವೋಲ್ಟ್‌ಗೆ ಇಳಿಯಿತು. ರಿಲೇ ಬೆರಳಿಗೆ ಸರಿಯಾಗಿ ಬಡಿಯಿತು.

ಬಲ ಚಾನಲ್ ಆಗ ಹಾಡುತ್ತಿತ್ತು. ಆದರೆ ಅಲ್ಲಿಯೂ ಅದೇ ಅಂಟು, ಅದೇ ಬಣ್ಣ. ಅದನ್ನೂ ತೆಗೆಯಬೇಕು ಅಂದರೆ ಹೊಸ ಎಸ್ಟಿಮೇಟ್, ಹೊಸ ಅಪ್ರೂವಲ್. "ಕಂಪ್ಲೇಂಟ್ ಇಲ್ಲದ ಕಡೆ ಕೈ ಹಾಕಬೇಡಿ" ಅಂತ ಮೇಲಿನಿಂದ ಉತ್ತರ ಬಂತು. ನಾನು ತೋಟದ ಯಜಮಾನರಿಗೇ ಫೋನ್ ಮಾಡಿ, ರೆಸಿಸ್ಟರ್ ಕಾಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು, ಬಿಟ್ಟರೆ ಏನಾಗುತ್ತೆ ಅಂತ. ಮುಂದಿನ ಮಳೆಗಾಲಕ್ಕೋ ಅದರಾಚೆಗೋ ಇದೇ ಆಗುತ್ತೆ ಅಂದೆ. ಹಾಗಾದರೆ ಅದನ್ನೂ ಮಾಡಿ ಅಂದರು. ಮಾಡಿದೆ. ಎರಡೂ ಚಾನಲ್‌ನ ಡಿಸಿ ರೀಡಿಂಗ್ ಮತ್ತು ತಾರೀಖನ್ನು ಒಂದು ಟೇಪ್ ತುಂಡಿನ ಮೇಲೆ ಬರೆದು ಕವರಿನ ಒಳಗೆ ಅಂಟಿಸಿದೆ. ಮುಂದೆ ಬಿಚ್ಚುವವರಿಗೆ ಅದು ಬೇಕಾಗುತ್ತದೆ, ಆ್ಯಪ್‌ನಲ್ಲಿ ಅದಕ್ಕೆ ಇವತ್ತಿಗೂ ಕಾಲಂ ಇಲ್ಲ.