ಸ್ಟಾಂಪ್ ಹಚ್ಚಿದ ಲಕೋಟೆ

ಕೆಲವು ವರ್ಷದ ಹಿಂದೆ ಮಗನಿಗೆ 18 ತುಂಬಿತು. ಆಗ ಅಮೆರಿಕದಲ್ಲಿ ಹುಡುಗರು 18 ತುಂಬಿದ 30 ದಿನದೊಳಗೆ ಸೆಲೆಕ್ಟಿವ್ ಸರ್ವಿಸ್‌ನಲ್ಲಿ, ಅಂದರೆ ಯುದ್ಧ ಬಂದರೆ ಸೇನೆಗೆ ಕರೆಯಲು ಸರ್ಕಾರ ಇಟ್ಟುಕೊಳ್ಳುವ ಪಟ್ಟಿಯಲ್ಲಿ, ಹೆಸರು ಬರೆಸಬೇಕಿತ್ತು. ನಮ್ಮ ಹಾಗೆ ಗ್ರೀನ್ ಕಾರ್ಡ್ ಇರುವವರಿಗೂ ಇದು ತಪ್ಪುತ್ತಿರಲಿಲ್ಲ. 1973ರ ನಂತರ ಯಾರನ್ನೂ ಬಲವಂತವಾಗಿ ಸೇನೆಗೆ ಕರೆದಿಲ್ಲ, ಸುಮ್ನೆ ಒಂದು ಪಟ್ಟಿ, ಅಷ್ಟೇ ಅಲ್ವಾ ಅಂದುಕೊಂಡು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆವು.

ಪಕ್ಕದ ಮನೆಯ ಅಜ್ಜ ಏಣಿ ವಾಪಸ್ ಕೊಡೋಕೆ ಬಂದವರು ಲ್ಯಾಪ್‌ಟಾಪ್ ಕಡೆ ನೋಡಿ ನಿಂತುಬಿಟ್ಟರು. "ನಿನ್ನ ಹುಟ್ಟಿದ ದಿನ ಯಾವುದು?" ಅಂತ ಮಗನನ್ನು ಕೇಳಿದರು.

"ಜೂನ್ 8."

ಅಜ್ಜ ಜೋರಾಗಿ ನಕ್ಕರು. "366! ನೀನು ಬಚಾವ್."

1969ರ ಡಿಸೆಂಬರ್ 1ರ ರಾತ್ರಿ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಲಾಟರಿ ಎತ್ತಿ ಆರಿಸಿದ್ದರು. ನೀಲಿ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ತಾರೀಖು. ಮೊದಲು ಬಂದದ್ದು ಸೆಪ್ಟೆಂಬರ್ 14, ಕೊನೆಗೆ ಬಂದದ್ದು ಜೂನ್ 8. ಆ ಸಲ 195ನೇ ನಂಬರಿನವರೆಗೂ ಕರೆ ಹೋಯಿತು. ಅಜ್ಜನ ನಂಬರ್ ಐವತ್ತರೊಳಗೇ ಇತ್ತು.

"ಹೆಸರು ಕೂಗ್ತಾರೆ. ಒಂದು ಹೆಜ್ಜೆ ಮುಂದಿಟ್ಟರೆ ಸೈನಿಕ. ನಾನು ಇಡಲಿಲ್ಲ." ಎದ್ದು ನಿಂತು ತೋರಿಸಿದರು ಕೂಡ. ಎರಡೂ ಕಾಲು ಜೋಡಿಸಿ, ನಮ್ಮ ಫ್ರಿಜ್ ಕಡೆ ಮುಖ ಮಾಡಿ. ಎರಡನೇ ಸಲ ಕೂಗಿದಾಗಲೂ ಹೀಗೇ ನಿಂತಿದ್ದರಂತೆ. ಕೋರ್ಟ್ ಎರಡು ವರ್ಷ ಕೊಟ್ಟಿತು, ಹದಿನಾಲ್ಕು ತಿಂಗಳು ಒಳಗಿದ್ದರು. ಮಗ ಫೋನ್ ಬೋರಲು ಹಾಕಿದ. ನಮ್ಮ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

"ಆಮೇಲೆ ಕ್ಷಮಿಸಿಬಿಟ್ಟರಾ?" ಅಂದ.

ಅಜ್ಜನಿಗೆ ಸಿಟ್ಟು ಬಂದದ್ದು ಇಲ್ಲಿ. ಅಧ್ಯಕ್ಷ ಫೋರ್ಡ್ 1974ರ ಸೆಪ್ಟೆಂಬರ್ 8ರಂದು ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟಿದ್ದ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಪೂರ್ತಿ ಕ್ಷಮೆ ಕೊಟ್ಟರು, ಷರತ್ತೇ ಇಲ್ಲ. ಎಂಟು ದಿನ ಬಿಟ್ಟು ಸೇನೆಗೆ ಹೋಗಲ್ಲ ಅಂದಿದ್ದ ಹುಡುಗರ ಸರದಿ. ಅರ್ಜಿ ಹಾಕಬೇಕು, ಮಂಡಳಿ ಫೈಲ್ ನೋಡಬೇಕು, ಅವರು ಹೇಳಿದರೆ ಒಂದಷ್ಟು ತಿಂಗಳು ಸಮಾಜಸೇವೆ ಮಾಡಬೇಕು. "ಜೈಲು ಮುಗಿಸಿ ಬಂದವನು ಮತ್ತೆ ಏನು ತೀರಿಸಬೇಕು?" ಅಜ್ಜ ಅರ್ಜಿ ಹಾಕಲೇ ಇಲ್ಲ.

1977ರ ಜನವರಿ 21ರಂದು, ಪ್ರಮಾಣವಚನದ ಮರುದಿನವೇ, ಹೊಸ ಅಧ್ಯಕ್ಷ ಕಾರ್ಟರ್ ಎಲ್ಲರನ್ನೂ ಒಟ್ಟಿಗೆ ಕ್ಷಮಿಸಿದರು. 1964ರ ಆಗಸ್ಟ್‌ನಿಂದ 1973ರ ಮಾರ್ಚ್‌ವರೆಗೆ ಕಡ್ಡಾಯ ಸೇನಾ ಭರ್ತಿಯ ಕಾನೂನು ಮುರಿದವರು, ಹಿಂಸೆಗೆ ಇಳಿಯದೆ ಇದ್ದರೆ ಸಾಕು. ಅಜ್ಜನಿಗೆ ಗೊತ್ತಾಗಿದ್ದು ಕಾರಿನ ರೇಡಿಯೋದಲ್ಲಿ. ಸೇನೆ ಸೇರಿ ಆಮೇಲೆ ತಪ್ಪಿಸಿಕೊಂಡು ಹೋದವರನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. "ಕಾಲೇಜಿಗೆ ಸೇರಿ ಭರ್ತಿ ಮುಂದೂಡೋಕೆ ದುಡ್ಡಿಲ್ಲದ ಹುಡುಗರು ಅವರಲ್ಲಿ ಎಷ್ಟು ಜನ ಇದ್ದರು" ಅಂತ ಅಜ್ಜ ಈಗಲೂ ಗೊಣಗುತ್ತಾರೆ.

ಆಮ್ನೆಸ್ಟಿ ಅಂದರೆ ನೀನು ಮಾಡಿದ್ದು ಸರಿ ಅಂದ ಹಾಗೆ, ಪಾರ್ಡನ್ ಅಂದರೆ ಸರಿಯೋ ತಪ್ಪೋ, ಹೋಗಲಿ ಬಿಡು ಅಂದ ಹಾಗೆ. ಚುನಾವಣೆಗೆ ಮುಂಚೆ ಕಾರ್ಟರ್ ಹೀಗೆ ಬಿಡಿಸಿ ಹೇಳಿದ್ದರು, ಮಾಜಿ ಸೈನಿಕರ ಸಭೆಯಲ್ಲಿ. ಅಲ್ಲಿದ್ದವರು ಕೂಗಾಡಿದರು. ಕನ್ನಡದಲ್ಲಿ ಕ್ಷಮಾದಾನ ಅಂತೀವಿ ಅಂದೆ, ದಾನ ಅಂದರೇನು ಅಂತಲೂ ವಿವರಿಸಿದೆ. "ಅಂದರೆ ಇಸ್ಕೊಳ್ಳೋನ ಕೈ ಕೆಳಗೆ" ಅಂದರು ಅಜ್ಜ. ಹೌದಲ್ಲ, ನನಗೇ ಹೊಳೆದಿರಲಿಲ್ಲ.

ಕ್ಷಮೆ ಸಿಕ್ಕಿದ್ದಕ್ಕೆ ಅವರ ಹತ್ತಿರ ಒಂದು ಚೀಟಿಯೂ ಇಲ್ಲ. ಕೇಳಿದವರಿಗೆ ನ್ಯಾಯ ಇಲಾಖೆ ಪ್ರಮಾಣಪತ್ರ ಕೊಡುತ್ತದೆ. ಅಜ್ಜನ ಮಗಳು ವರ್ಷಗಳಿಂದ ತರಿಸಿಕೋ ಅಂತ ಜೀವ ತಿನ್ನುತ್ತಿದ್ದಾಳಂತೆ. ನನ್ನ ಮಗ ಅರ್ಜಿ ಹುಡುಕಿ ಪ್ರಿಂಟ್ ತೆಗೆದ. ಅಜ್ಜ ಕೋರ್ಟು, ತಾರೀಖು, ಶಿಕ್ಷೆ ಎಲ್ಲ ನೆನಪಿನಿಂದಲೇ ದಪ್ಪಕ್ಷರದಲ್ಲಿ ತುಂಬಿದರು. ಸಹಿ ಹಾಕುವ ಜಾಗಕ್ಕೆ ಬಂದಾಗ ಪೆನ್ನು ಮುಚ್ಚಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಮಗ ತನ್ನ ಹೆಸರು ಬರೆಸಿದ್ದು ಮರುದಿನ, ನಾನು ಎರಡು ಸಲ ನೆನಪಿಸಿದ ಮೇಲೆ.

ಚಳಿಗಾಲದಲ್ಲಿ ಅವರ ಮನೆಗೆ ಹೋದಾಗ ಫ್ರಿಜ್ ಮೇಲೆ ಮ್ಯಾಗ್ನೆಟ್ ಒತ್ತಿದ ಲಕೋಟೆ ಕಂಡಿತು. "ಇನ್ನೂ ಕಳಿಸಿಲ್ವಾ?" ಅಂದೆ.

"ಸ್ಟಾಂಪ್ ಹಚ್ಚಿದ್ದೀನಿ ನೋಡಿ" ಅಂದರು.