ಎಲ್ಲಿ ಹೋದ್ರೂ ಸ್ಟ್ಯಾಟಿಸ್ಟಿಕ್ಸ್ ಬಿಡಂಗಿಲ್ರಿ

ನಮ್ಮ ಅಕ್ಕನ ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ. ಆಕಿದು ಒಂದ ಕಂಡೀಷನ್, "ಮಾಮಾ, ಮ್ಯಾಥ್ಸ್ ಇರಬಾರ್ದು, ಉಳದದ್ದು ಏನರ ಇರ್ಲಿ." ಮನ್ಯಾಗ ಎಲ್ಲಾರೂ ಡಿಗ್ರಿ ಹೆಸರು ಹಿಡಕೊಂಡ ಜಗಳಾಡ್ತಾರ, ಒಳಗ ಏನ್ ಓದಸ್ತಾರ ಅನ್ನೋದು ಯಾರೂ ನೋಡಂಗಿಲ್ಲ, ಸಿಲೆಬಸ್ ಪಿಡಿಎಫ್ ಆನ್‌ಲೈನ್‌ನ್ಯಾಗ ಪುಕ್ಕಟ ಸಿಗ್ತಾವ, ಅದಕ್ಕ ನಾನು ವಿಜಯಪುರದಾಗ ಕುಂತು ಬಾಗಲಕೋಟಿ, ಬೆಳಗಾವಿದೆಲ್ಲಾ ಡೌನ್‌ಲೋಡ್ ಮಾಡಿ ಆಕಿ ಜೊತಿ ಓದಾಕ ಕುಂತೆ.

ಮೊದಲ ತೋಟಗಾರಿಕೆ. ನಮ್ಮದು ದ್ರಾಕ್ಷಿ ಸೀಮಿ, ಇಂಡಿ ಲಿಂಬಿಗೆ ಜಿಐ ಟ್ಯಾಗ್ ಬ್ಯಾರೆ ಬಂದೈತಿ, ಬಾಗಲಕೋಟ್ಯಾಗ 2008ರಿಂದ ತೋಟಗಾರಿಕಾ ವಿವಿನ ಐತಿ. ಬಿಎಸ್ಸಿ ಆನರ್ಸ್ ನಾಕ ವರ್ಷ. ಮಣ್ಣು, ಕೀಟ, ರೋಗ, ಹಣ್ಣು, ಮಸಾಲಿ ಬೆಳಿ, ಕಡೀ ವರ್ಷ ಹಳ್ಯಾಗ ರೈತರ ಜೊತಿ ಕೆಲಸ. ಹುಡುಗಿ ಖುಷ್. ಸ್ಕ್ರೋಲ್ ಮಾಡಿದ್ರ ನಡುವ ಕುಂತೈತಿ ನೋಡ್ರಿ, "ಎಲಿಮೆಂಟರಿ ಸ್ಟ್ಯಾಟಿಸ್ಟಿಕ್ಸ್."

ಮಾರಿ ಸಣ್ಣ ಮಾಡಿದ್ಲು. ಆದ್ರ ಯಾಕಿಟ್ಟಾರ ಅಂತ ವಿಚಾರ ಮಾಡ್ರಿ. ಎರಡು ಪ್ಲಾಟಿಗೆ ಎರಡು ಗೊಬ್ಬರ ಹಾಕಿದ್ರಿ, ಒಂದರಾಗ ಇಳುವರಿ ಜಾಸ್ತಿ ಬಂತು, ಅದು ಗೊಬ್ಬರದ್ದೋ ಇಲ್ಲಾ ಆ ಕಡಿ ಮಣ್ಣ ಚಲೋ ಇತ್ತೋ, ಹೆಂಗ ಗೊತ್ತಾಗಬೇಕು? ಅದಕ್ಕ ಪ್ಲಾಟ್ ಚೀಟಿ ಎತ್ತಿದಂಗ ಹಂಚಿ, ಮತ್ತ ಮತ್ತ ಬೆಳದು, ಲೆಕ್ಕ ಹಾಕೋದು. ಈ ಲೆಕ್ಕ ದೊಡ್ಡದಾಗಿದ್ದೂ ಹೊಲದಾಗನ, ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕ 1919ರಾಗ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅಲ್ಲಿ ಬೆಳಿ ಲೆಕ್ಕ ನೋಡ್ತಾ ನೋಡ್ತಾ ಇದನ್ನ ಕಟ್ಟಿದ್ರು.

ಬಿಎ ಸೈಕಾಲಜಿ ಆದ್ರ ತಪ್ಪತೈತಿ ಅಂದ್ಲು. ತಪ್ಪಂಗಿಲ್ಲ, ಅಲ್ಲಿ ಲ್ಯಾಬ್‌ನ್ಯಾಗ ಕನ್ನಡಿ ನೋಡಿ ಚಿತ್ರ ತಿದ್ದಸ್ತಾರ, ಎಷ್ಟ ಹೊತ್ತು, ಎಷ್ಟ ತಪ್ಪು ಅಂತ ಬರಕೊಂಡು ಸರಾಸರಿ ತಗೀಬೇಕು. ಎಕನಾಮಿಕ್ಸ್, ಬಿಕಾಂ ಕೇಳಬ್ಯಾಡ್ರಿ. ಜಿಯಾಗ್ರಫಿ ಪ್ರಾಕ್ಟಿಕಲ್‌ನ್ಯಾಗೂ ಐತಿ. ಬಿಸಿಎದಾಗ ಡಿಸ್ಕ್ರೀಟ್ ಮ್ಯಾಥ್ಸ್.

ಪಿಡಿಎಫ್‌ನ್ಯಾಗ ಹೆಸರಿಗಿಂತ ಮೊದಲ ಎಲ್-ಟಿ-ಪಿ (ಲೆಕ್ಚರ್, ಟ್ಯುಟೋರಿಯಲ್, ಪ್ರಾಕ್ಟಿಕಲ್) ಕಾಲಂ ನೋಡ್ರಿ. 3-0-2 ಅಂದ್ರ ವಾರಕ್ಕ ಮೂರು ತಾಸು ಪಾಠ, ಎರಡು ತಾಸು ಪ್ರಾಕ್ಟಿಕಲ್, ಒಟ್ಟ 4 ಕ್ರೆಡಿಟ್, ಪ್ರಾಕ್ಟಿಕಲ್ ಎರಡು ತಾಸಿಗೆ ಒಂದ ಕ್ರೆಡಿಟ್ ಹಿಡೀತಾರ. ಬೆಳಗಾವಿ ಇಂಜಿನಿಯರಿಂಗ್ ವಿವಿ, ಅಂದ್ರ ವಿಟಿಯುದು ಓದಾಕ ಭಾಳ ಸಲೀಸು, ಥಿಯರಿ ಪೇಪರಿಗೆ ಐದು ಮಾಡ್ಯೂಲ್, ಪರೀಕ್ಷ್ಯಾಗ ಒಂದೊಂದರಿಂದ ಒಂದ ಪ್ರಶ್ನಿಗೆ ಉತ್ತರ ಬರೀಬೇಕು. ಇಂಜಿನಿಯರಿಂಗ್‌ನ್ಯಾಗೂ ಕನ್ನಡ ಪೇಪರ್ ಐತಿ ಅಂತ ಆಕಿಗೆ ಅವಾಗ ಗೊತ್ತಾತು!

ಬಿಎ, ಬಿಎಸ್ಸಿ, ಬಿಕಾಂ ನೋಡೋರು ವರ್ಷ ಚೆಕ್ ಮಾಡ್ರಿ. 2021ರಾಗ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಾರ ಬಂದ ಎನ್‌ಇಪಿ ಸಿಲೆಬಸ್ ಇನ್ನೂ ವೆಬ್‌ಸೈಟ್‌ನ್ಯಾಗ ಬಿದ್ದಿರ್ತಾವ, 2024-25ರಿಂದ ಮತ್ತ ಮೂರು ವರ್ಷದ ಡಿಗ್ರಿ ಆಗೇತಿ.

ಈಗ ಆಕಿ ತೋಟಗಾರಿಕೆ ಕಡೆನ ವಾಲ್ಯಾಳ. ಸಿಇಟಿ ರ‍್ಯಾಂಕ್ ಬರಬೇಕು, ಹೊಲ ಐತಿ ಅಂತ ಕೃಷಿಕರ ಕೋಟಾದಾಗೂ ಹಾಕೀವಿ. ಬಾಗಲಕೋಟ್ಯಾಗ ಓದಿದವರು ಯಾರರ ಇದ್ರ ಹೇಳ್ರಿ, ಆ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಖರೇನ ಎಷ್ಟ ಕಾಡತೈತಿ?